ಸುಣ್ಣ, ಮರಳು, ಸುತ್ತಿಗೆ

ಫೆಬ್ರವರಿ 4

ಪ್ರೀತಿಯ ಮಾವನಿಗೆ,

ಫೋನಿನಲ್ಲಿ ಹೇಳಿದರೆ ನಿನಗೆ ಅರ್ಧ ಕೇಳಿಸುತ್ತದೆ, ಉಳಿದರ್ಧವನ್ನು ನೀನೇ ಕಟ್ಟಿಕೊಳ್ಳುತ್ತೀಯ. ಅದಕ್ಕೇ ಈ ಕಾಗದ.

ನಮ್ಮ ಮ್ಯೂಸಿಯಂಗೆ ಒಂದು ಗೋಡೆ ಬೇಕಾಗಿದೆ. ನಗಬೇಡ. ಕೆಳಮಹಡಿಯ ದೊಡ್ಡ ಕೋಣೆಯ ನಟ್ಟನಡುವೆ, ಯಾವ ಕಡೆಯೂ ಏನನ್ನೂ ಮುಟ್ಟದೆ ನಿಲ್ಲುವ ಗೋಡೆ. ಇಪ್ಪತ್ತು ಅಡಿ ಉದ್ದ, ಹತ್ತು ಅಡಿ ಎತ್ತರ. ಇಟ್ಟಿಗೆಯ ಮೇಲೆ ಹಳೇ ಕಾಲದ ಸುಣ್ಣದ ಗಾರೆ, ಮೂರು ಪದರ. ಮೇಲಿನ ಪದರ ಕನ್ನಡಿಯ ಹಾಗೆ ನುಣುಪಾಗಿರಬೇಕಂತೆ. ದೊಡ್ಡ ಹೆಸರಿನ ಕಲಾವಿದರೊಬ್ಬರ ಪ್ರದರ್ಶನಕ್ಕೆ ಇದು. ಇಲ್ಲಿನ ಗುತ್ತಿಗೆದಾರರೆಲ್ಲ ಹಲಗೆ ನಿಲ್ಲಿಸಿ ಬಣ್ಣ ಬಳಿಯುವವರು. "ಸುಣ್ಣದ ಗಾರೆ ಮಾಡೋರು ಈಗ ಯಾರಾದ್ರೂ ಉಳಿದಿದ್ದಾರಾ?" ಎಂದು ಸಭೆಯಲ್ಲಿ ನಿರ್ದೇಶಕಿ ಕೇಳಿದಾಗ ನಾನು ಕೈ ಎತ್ತಿದೆ. ಸೇರಿ ಒಂದೂವರೆ ವರ್ಷವಾಯಿತು. ನನ್ನ ಮಾತು ಆ ಮೇಜಿನ ಆಚೆ ತುದಿಯವರೆಗೆ ಹೋದದ್ದು ಅದೇ ಮೊದಲು.

ಗೋಡೆ ಏತಕ್ಕೆ ಎಂದು ಕೇಳಬೇಡ. ಅದನ್ನೆಲ್ಲ ಅವರು ಮುಂಚಿತವಾಗಿ ಹೇಳುವುದಿಲ್ಲ.

ಇನ್ನೊಂದು ಮಾತು. ಸಂಬಂಧಿಕರಿಗೆ ಕೆಲಸ ಕೊಡಿಸಬಾರದೆಂದು ಇಲ್ಲಿ ನಿಯಮವಿದೆ. ನೀನು ನನ್ನ ಅಮ್ಮನ ಅಣ್ಣ, ಒಂಬತ್ತನೇ ವರ್ಷದಿಂದ ನನ್ನನ್ನು ಸಾಕಿದವನು ಎಂದು ಗೊತ್ತಾದರೆ ನಿನ್ನ ಕೆಲಸವೂ ಹೋಗುತ್ತದೆ, ನನ್ನದೂ ಹೋಗುತ್ತದೆ. ಮೇ ತಿಂಗಳಲ್ಲಿ ನನ್ನನ್ನು ಕಾಯಂ ಮಾಡುವ ಮಾತಿದೆ. ಆದ್ದರಿಂದ ಜನರ ಮುಂದೆ ಗೋಲಿ ಎಂದು ಕರೆಯಬೇಡ, ಮೇಡಂ ಅನ್ನು. ತಪ್ಪು ತಿಳಿಯಬೇಡ.

ಭುಜ ಹೇಗಿದೆ? ಎತ್ತರದ ಕೆಲಸ. ಆಗದಿದ್ದರೆ ಈಗಲೇ ಹೇಳಿಬಿಡು.

ನಿನ್ನ,
ಗೋಲಿ


ಫೆಬ್ರವರಿ 13

ಗೋಲಿಗೆ,

ಕಾಗದ ತಲುಪಿತು. ನಿನ್ನ ಅತ್ತೆ ಎರಡು ಸಲ ಓದಿದಳು, ನಾನು ನಾಲ್ಕು ಸಲ. ಹದಿನಾಲ್ಕು ತಿಂಗಳಿಂದ ಗಾರೆ ಮೆತ್ತುವ ಕರಣೆ ಮಂಚದ ಕೆಳಗೆ ಬಿದ್ದಿತ್ತು. ನಿನ್ನೆ ತೆಗೆದು ತುಕ್ಕು ಉಜ್ಜಿದೆ. ಇಷ್ಟು ದಿನ ಎಲ್ಲಿದ್ದೆ ಎಂದು ಕೇಳಿದ ಹಾಗಾಯಿತು.

ಭುಜ ಚೆನ್ನಾಗಿದೆ. ಡಾಕ್ಟರು ಕೊಟ್ಟ ಎಣ್ಣೆ ಕೆಲಸ ಮಾಡಿದೆ.

ಸುಣ್ಣವನ್ನು ಇವತ್ತೇ ನೀರಿಗೆ ಹಾಕಿಸಿಡು. ಎಷ್ಟು ನೆನೆದರೆ ಅಷ್ಟು ಒಳ್ಳೆಯದು. ಮರಳನ್ನು ಎರಡು ಸಲ ಜರಡಿ ಹಿಡಿಸು. ಒಂದು ಹರಳು ಉಳಿದರೂ ಮೇಲಿನ ಪದರದಲ್ಲಿ ಗೀರು ಬೀಳುತ್ತದೆ. ಆಮೇಲೆ ಆ ದೊಡ್ಡ ಹೆಸರಿನವರು ನಿನ್ನ ಮೇಲೆ ಕೂಗಾಡುತ್ತಾರೆ.

ನಿನ್ನನ್ನು ಮೇಡಂ ಅನ್ನಬೇಕು, ಅಷ್ಟೇ ತಾನೆ? ಅಭ್ಯಾಸವಾಗಲಿ ಎಂದು ಮನೆಯ ಬೆಕ್ಕನ್ನು ಮೇಡಂ ಎಂದು ಕರೆಯುತ್ತಿದ್ದೇನೆ. ತಿರುಗಿಯೂ ನೋಡುವುದಿಲ್ಲ. ಥೇಟ್ ಅಧಿಕಾರಿಯೇ. ನಿನ್ನ ಅತ್ತೆ ಮಾತ್ರ ನಗಲಿಲ್ಲ. "ಹೋಗ್ಲಿ ಬಿಡಿ, ಅವಳ ಕೆಲಸ ಗಟ್ಟಿಯಾದ್ರೆ ಸಾಕು" ಅಂದಳು.

ಇಪ್ಪತ್ತೆಂಟಕ್ಕೆ ಹೊರಡುತ್ತೇನೆ.

ಮಾವ


ಮಾರ್ಚ್ 24

ಗೋಲಿಗೆ,

ಕ್ಷೇಮವಾಗಿ ಮನೆ ಸೇರಿದೆ. ಎರಡು ದಿನ ಮಲಗಿಯೇ ಇದ್ದೆ, ಬಸ್ಸಿನ ಆಯಾಸ.

ಹತ್ತೊಂಬತ್ತು ದಿನ ಒಂದೇ ಕಟ್ಟಡದಲ್ಲಿದ್ದೂ ನಾವಿಬ್ಬರು ಕೂತು ಮಾತಾಡಲಿಲ್ಲ. ಅಲ್ಲಿ ಕೇಳಲಾಗದ್ದನ್ನು ಈಗ ಕೇಳುತ್ತೇನೆ. ಮಧ್ಯಾಹ್ನ ಬುತ್ತಿ ತಿಂದಾದ ಮೇಲೆ ನಿಮ್ಮ ಕೋಣೆಗಳನ್ನೆಲ್ಲ ನೋಡಿದೆ. ಮೊದಲನೆಯದರಲ್ಲಿ ಒಂದು ಏಣಿ ಗೋಡೆಗೆ ಒರಗಿತ್ತು, ಮೆಟ್ಟಿಲಿಗೆಲ್ಲ ಬಟ್ಟೆ ಸುತ್ತಿತ್ತು. ನನಗೆ ಏಣಿ ಬೇಕಾಗಿತ್ತು, ಹೋಗಿ ಕೈ ಹಾಕಿದೆ. ಕಾವಲಿನವನು ಓಡಿ ಬಂದು, "ಅಯ್ಯೋ ಮೇಸ್ತ್ರಿ, ಅದು ಏಣಿ ಅಲ್ಲ!" ಅಂದ. "ಮತ್ತೇನಪ್ಪ?" ಅಂದೆ. "ನಂಗೂ ಗೊತ್ತಿಲ್ಲ, ಆದ್ರೆ ಏಣಿ ಅಲ್ಲ" ಅಂದ. ಒಳ್ಳೆಯ ಮನುಷ್ಯ. ಆಮೇಲೆ ದಿನಾ ನನಗೆ ಟೀ ತಂದುಕೊಡುತ್ತಿದ್ದ.

ಎರಡನೆಯ ಕೋಣೆಯಲ್ಲಿ ಮೂರು ದೊಡ್ಡ ಚೌಕಟ್ಟು, ಮೂರೂ ಬರೀ ಬಿಳಿ. ಹತ್ತಿರ ಹೋಗಿ ನೋಡಿದೆ. ಒಂದೇ ಕೈ ಬಳಿದಿದ್ದಾರೆ, ಎಡಮೂಲೆಯಲ್ಲಿ ಬ್ರಷ್ಷಿನ ಕೂದಲು ಅಂಟಿಕೊಂಡಿದೆ. ನನ್ನ ಕೈಕೆಳಗಿನವನು ಹಾಗೆ ಬಳಿದಿದ್ದರೆ ಕೆರೆಸುತ್ತಿದ್ದೆ. ಮೂರನೆಯದು ಕತ್ತಲೆ ಕೋಣೆ. ಯಾರೋ ಕೆಮ್ಮುವ ಸದ್ದು, ಅಷ್ಟೇ. ನನ್ನ ಕಿವಿಗೇ ಅಷ್ಟು ಜೋರಾಗಿ ಕೇಳಿಸಿತು. ಇದನ್ನೇ ನಮ್ಮ ಪಕ್ಕದ ಮನೆಯ ಬಡಗಿ ಇಪ್ಪತ್ತು ವರ್ಷದಿಂದ ಪುಕ್ಕಟೆಯಾಗಿ ಕೇಳಿಸುತ್ತಿದ್ದಾನೆ ಅಂದುಕೊಂಡು ನಗುತ್ತಾ ತಿರುಗಿದರೆ, ಪಕ್ಕದಲ್ಲಿ ಒಬ್ಬಾಕೆ ಕಣ್ಣೊರೆಸಿಕೊಳ್ಳುತ್ತಿದ್ದಳು. ನನಗೆ ನಾಚಿಕೆಯಾಯಿತು. ಅವಳಿಗೆ ಕಂಡದ್ದು ನನಗೆ ಕಾಣಲಿಲ್ಲ. ನಲವತ್ತು ವರ್ಷ ಗೋಡೆಯನ್ನೇ ನೋಡಿದ ಕಣ್ಣು ಇದು. ಗೋಡೆಯ ಮೇಲೆ ತೂಗುಹಾಕಿದ್ದನ್ನು ನೋಡುವುದಕ್ಕೆ ಕಲಿಯಲೇ ಇಲ್ಲ.

ಆದರೆ ನಮ್ಮ ಗೋಡೆಯ ವಿಷಯ ಬೇರೆ. ಅದರ ಬಗ್ಗೆ ನನಗೆ ಗೊತ್ತು. ಜಂಬವೆಂದು ತಿಳಿಯಬೇಡ, ಜನ್ಮದಲ್ಲಿ ಅಂಥದ್ದನ್ನು ನಾನು ಮಾಡಿರಲಿಲ್ಲ. ಕೊನೆಯ ದಿನ ಕಣ್ಣು ಮುಚ್ಚಿಕೊಂಡು ಈ ತುದಿಯಿಂದ ಆ ತುದಿಯವರೆಗೆ ಅಂಗೈ ಸವರಿಕೊಂಡು ಹೋದೆ. ಎಲ್ಲೂ ತಡೆಯಲಿಲ್ಲ. ಆ ದಿನ ನಿಮ್ಮ ಕಲಾವಿದರು ಬಂದರಲ್ಲ, ಅವರೂ ಸವರಿದರು. "ಎಷ್ಟು ವರ್ಷ ನಿಲ್ಲುತ್ತೆ ಇದು?" ಎಂದು ಕೇಳಿದರು. "ನಾವಿಬ್ರೂ ಹೋದ ಮೇಲೂ ನಿಂತಿರುತ್ತೆ ಸಾರ್" ಅಂದೆ. ಅವರು ನಗುತ್ತಾ ನಿನ್ನ ಕಡೆ ನೋಡಿದರು. ನೀನು ನೆಲ ನೋಡುತ್ತಿದ್ದೆ. ಅಲ್ಲಿ ಸುಣ್ಣ ಚೆಲ್ಲಿತ್ತು, ಅದನ್ನು ನೋಡುತ್ತಿದ್ದೆಯೇನೋ. ಹೊರಡುವ ಮುಂಚೆ ಒರೆಸಿದೆ.

ಅದರ ಮೇಲೆ ಯಾವ ಚಿತ್ರ ಹಾಕುತ್ತಾರೆ? ಅಷ್ಟು ದೊಡ್ಡ ಗೋಡೆಗೆ ದೊಡ್ಡ ಚಿತ್ರವೇ ಇರಬೇಕು. ಮೊಳೆ ಹೊಡೆಯುವವನಿಗೆ ಹೇಳು, ಮೊದಲು ಸಣ್ಣದಾಗಿ ತೂತು ಕೊರೆಯಲಿ. ಒಮ್ಮೆಗೇ ಸುತ್ತಿಗೆ ಬಡಿದರೆ ಗಾರೆ ಸೀಳುತ್ತದೆ. ಒಂದು ಫೋಟೋ ಕಳಿಸು.

ಮಾವ


ಏಪ್ರಿಲ್ 9

ಪ್ರೀತಿಯ ಮಾವನಿಗೆ,

ಉತ್ತರ ತಡವಾಯಿತು, ಉಸಿರಾಡಲು ಪುರುಸೊತ್ತಿಲ್ಲ. ಪ್ರದರ್ಶನ ಮೊದಲನೆಯ ತಾರೀಖು ಶುರುವಾಯಿತು. ಪತ್ರಿಕೆಯವರು ಬಂದಿದ್ದರು. ಗೋಡೆಯನ್ನು ಎಲ್ಲರೂ ಹೊಗಳಿದರು. ಒಳಗೆ ಫೋಟೋ ತೆಗೆಯಲು ಬಿಡುವುದಿಲ್ಲ.

ಈಗ ಸದ್ಯಕ್ಕೆ ನೀನು ಬರುವ ಯೋಚನೆ ಮಾಡಬೇಡ. ಅಷ್ಟು ದೂರದ ಪ್ರಯಾಣ ನಿನಗೂ ಒಳ್ಳೆಯದಲ್ಲ. ಮುಂದಿನ ತಿಂಗಳು ನನ್ನ ಆದೇಶ ಬರಬೇಕು. ಅದಾದ ಮೇಲೆ ನಾನೇ ಊರಿಗೆ ಬಂದು ಎಲ್ಲ ಹೇಳುತ್ತೇನೆ. ಅತ್ತೆಗೆ ಹೇಳು.

ಗೋಲಿ


ಏಪ್ರಿಲ್ 17

ಗೋಲಿಗೆ,

ನಿನ್ನ ಕಾಗದದಲ್ಲಿ ಎಲ್ಲವೂ ಇತ್ತು, ಚಿತ್ರ ಯಾವುದೆಂಬುದೊಂದು ಬಿಟ್ಟು.

ಒಂದೇ ಮಾತು ಕೇಳುತ್ತೇನೆ, ನಿಜ ಹೇಳು. ಗಾರೆ ಎಲ್ಲಾದರೂ ಬಿರುಕು ಬಿಟ್ಟಿದೆಯೇ? ಎರಡನೆಯ ಪದರ ಸರಿಯಾಗಿ ಆರುವ ಮುಂಚೆಯೇ ಮೂರನೆಯದು ಹಾಕಿದೆನೋ ಎಂದು ಈಚೆಗೆ ಅನುಮಾನ ಬರುತ್ತಿದೆ. ನನ್ನಿಂದ ನಿನಗೆ ತೊಂದರೆಯಾಗಿದ್ದರೆ ಮುಚ್ಚಿಡಬೇಡ. ಬಂದು ಸರಿಮಾಡಿ ಹೋಗುತ್ತೇನೆ, ಅರ್ಧ ದಿನದ ಕೆಲಸ.

ಮಾವ


ಮೇ 11

ಮಾವ,

ಏನು ಮಾಡಿದಿರಿ ನೀವು? ನಾಲ್ಕು ದಿನದಿಂದ ಬರೆಯಲು ಕೂರುತ್ತೇನೆ, ಹರಿದು ಹಾಕುತ್ತೇನೆ.

ಕ್ಯಾಮೆರಾದಲ್ಲಿ ಇರುವುದನ್ನು ನನಗೆ ಮೂರು ಸಲ ತೋರಿಸಿದರು. ಬೆಳಿಗ್ಗೆ ಹನ್ನೊಂದು ಗಂಟೆಗೆ ಕೈಚೀಲ ಹಿಡಿದು ಒಳಗೆ ಬರುತ್ತೀರಿ. ಗೋಡೆಯ ಮುಂದೆ ಹತ್ತು ನಿಮಿಷ ನಿಲ್ಲುತ್ತೀರಿ. ಹೊರಗೆ ಹೋಗುತ್ತೀರಿ. ಒಂದು ಗಂಟೆಯ ನಂತರ ಬಕೆಟ್ಟು, ಕರಣೆ, ಒರಟು ಬಟ್ಟೆ ಎಲ್ಲ ಹೊತ್ತುಕೊಂಡು ಮತ್ತೆ ಬರುತ್ತೀರಿ. ಆ ಪೆದ್ದ ಕಾವಲಿನವನು ನಿಮಗೆ ಸ್ಟೂಲು ತಂದುಕೊಡುತ್ತಾನೆ, ಟೀ ತಂದುಕೊಡುತ್ತಾನೆ! ನಲವತ್ತು ನಿಮಿಷ ಮೆತ್ತುತ್ತೀರಿ! ಸುತ್ತ ಜನ ನಿಂತು ನೋಡುತ್ತಿದ್ದಾರೆ, ಇದೂ ಪ್ರದರ್ಶನದ ಭಾಗವೆಂದುಕೊಂಡು. ಒಬ್ಬ ಹುಡುಗಿ ನಿಮ್ಮ ಚಿತ್ರ ಬರೆದುಕೊಳ್ಳುತ್ತಿದ್ದಾಳೆ.

ಆ ಒಡಕೇ ಕಲಾಕೃತಿ, ಮಾವ. ಉದ್ಘಾಟನೆಯ ದಿನ ಇನ್ನೂರು ಜನರ ಮುಂದೆ ಕಲಾವಿದರು ಸುತ್ತಿಗೆ ಎತ್ತಿ ಹೊಡೆದರು, ಒಂದೇ ಏಟು. ಎಲ್ಲಿಯೂ ಕಲೆಯಿಲ್ಲದ ಗೋಡೆ, ಅದರ ಮೇಲೆ ಒಂದೇ ಒಂದು ಏಟು. ಅದನ್ನು ನೋಡಲು ಜನ ಬರುತ್ತಿದ್ದರು. ಅದನ್ನು ನೀವು ಮುಚ್ಚಿಬಿಟ್ಟಿರಿ.

ನನ್ನ ಆದೇಶ ನಿಂತುಹೋಗಿದೆ. ಮೇಸ್ತ್ರಿಯನ್ನು ಗೊತ್ತುಮಾಡಿದವಳು ನಾನೇ ಎಂದು ಎಲ್ಲರಿಗೂ ಗೊತ್ತು. "ಇವರು ನಿಮ್ಗೆ ಪರಿಚಯದೋರಾ?" ಎಂದು ನಿರ್ದೇಶಕಿ ಕೇಳಿದಾಗ ನಾನು ಇಲ್ಲ ಅಂದದ್ದು ನಿಮಗೆ ಕೇಳಿಸಿತು ಅಂದುಕೊಂಡಿದ್ದೇನೆ. ಬೇರೆ ಏನು ಹೇಳಲಿ? ನಿಮ್ಮನ್ನು ಠಾಣೆಗೆ ಕರೆದೊಯ್ದಾಗ ನಾನು ಪೊಲೀಸರ ಹತ್ತಿರ ಬರಲಿಲ್ಲವೆಂದು ಅತ್ತೆ ಬೈಯುತ್ತಿರಬಹುದು. ಬಂದಿದ್ದರೆ ಆ ದಿನವೇ ನನ್ನನ್ನು ಮನೆಗೆ ಕಳಿಸುತ್ತಿದ್ದರು.

ಬರಬೇಡ ಅಂದಿದ್ದೆ. ಅದೊಂದು ಮಾತು ಕೇಳಲು ಆಗಲಿಲ್ಲವೇ ನಿಮಗೆ?


ಮೇ 19

ಗೋಲಿಗೆ,

ನೀನು ನನಗೆ ಬಹುವಚನ ಹಾಕಿ ಬರೆದದ್ದು ಇದೇ ಮೊದಲು. ಯಾರಿಗೋ ಬರೆದದ್ದು ನನಗೆ ಬಂದಿದೆಯೇನೋ ಎಂದು ಲಕೋಟೆಯನ್ನು ತಿರುಗಿಸಿ ನೋಡಿದೆ.

ನಡೆದದ್ದನ್ನು ಹೇಳುತ್ತೇನೆ. ಆಮೇಲೆ ನೀನು ಏನು ಬೇಕಾದರೂ ಅಂದುಕೋ.

ಬಿರುಕು ಬಿಟ್ಟಿದೆಯೇ ಎಂದು ಕೇಳಿ ಬರೆದೆ. ಮೂರು ವಾರ ಉತ್ತರ ಬರಲಿಲ್ಲ. ಹೌದೆನ್ನಲು ನಿನಗೆ ಮನಸ್ಸಾಗುತ್ತಿಲ್ಲ ಅಂದುಕೊಂಡೆ. ನಿನ್ನ ಅತ್ತೆಗೂ ಹಾಗೇ ಅನ್ನಿಸಿತು. "ಹೋಗಿ ನೋಡ್ಕೊಂಡು ಬನ್ನಿ, ನಮ್ಮಿಂದ ಅವಳ ಅನ್ನಕ್ಕೆ ಕಲ್ಲು ಬೀಳೋದು ಬೇಡ" ಅಂದಳು. ಬಂದೆ. ನೋಡಿದೆ. ಎದೆಯ ಎತ್ತರದಲ್ಲಿ ಅಂಗೈ ಅಗಲದ ಗುಂಡಿ, ಅಲ್ಲಿಂದ ಮೇಲಕ್ಕೂ ಕೆಳಕ್ಕೂ ಬಿರುಕು, ನೆಲದ ಮೇಲೆ ಗಾರೆಯ ಚೂರು. ಮೇಲೆ ಚಿತ್ರವಿಲ್ಲ. ಚಿತ್ರದ ಭಾರಕ್ಕೆ ಗೋಡೆಯೇ ಕಿತ್ತು ಬಂದಿದೆ, ಚಿತ್ರವನ್ನು ತೆಗೆದಿಟ್ಟಿದ್ದಾರೆ, ಗುಡಿಸಲೂ ಯಾರಿಗೂ ಮನಸ್ಸಿಲ್ಲ ಅಂದುಕೊಂಡೆ. ಜನ ಸುತ್ತ ನಿಂತು ಮೆತ್ತಗೆ ಮಾತಾಡುತ್ತಿದ್ದರು. ನನ್ನ ಕೆಲಸವನ್ನು ಆಡಿಕೊಳ್ಳುತ್ತಿದ್ದಾರೆ ಅನ್ನಿಸಿತು. ಆ ಹತ್ತು ನಿಮಿಷ ನಾನು ಹೇಗೆ ನಿಂತಿದ್ದೆ ಎಂಬುದು ನಿಮ್ಮ ಕ್ಯಾಮೆರಾದಲ್ಲಿ ಕಾಣಿಸುವುದಿಲ್ಲ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ನಿಮ್ಮ ಕಟ್ಟಡದ ಹಿಂದಿನ ಶೆಡ್ಡಿನಲ್ಲಿ ಮಿಕ್ಕ ಸುಣ್ಣ ಹಾಗೇ ಇತ್ತು. ಕಾವಲಿನವನು, "ಸರಿಮಾಡೋಕೆ ಕರೆಸಿದ್ರಾ ಮೇಸ್ತ್ರಿ?" ಅಂದ. ಹೂಂ ಅಂದೆ. ಸುಳ್ಳು ಹೇಳಿದ್ದು ಅದೊಂದೇ. ನಿನಗೆ ಆದೇಶ ಬರುವ ಮುಂಚೆ ಮುಗಿಸಿ ಯಾರಿಗೂ ಗೊತ್ತಾಗದ ಹಾಗೆ ಹೊರಟುಹೋಗಬೇಕೆಂದಿದ್ದೆ. ನಿನಗೂ ಹೇಳುತ್ತಿರಲಿಲ್ಲ.

ನೀನು ಇಲ್ಲ ಅಂದದ್ದು ಕೇಳಿಸಿತು. ನನ್ನ ಕಿವಿಗೆ ಬೇಕಾದ್ದು ಕೇಳಿಸುವುದಿಲ್ಲ, ಇಂಥದ್ದು ಕೇಳಿಸುತ್ತದೆ. ಅದಕ್ಕೆ ನನಗೆ ಬೇಸರವಿಲ್ಲ, ನೀನು ಮೊದಲೇ ಹೇಳಿದ್ದೆ. ನಿನ್ನನ್ನು ಮೇಡಂ ಎಂದು ಕರೆದೆ, ಸರಿಯಾಗಿಯೇ ಕರೆದೆ.

ಠಾಣೆಗೆ ಕರೆದುಕೊಂಡು ಹೋಗುವ ಮುಂಚೆ ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಅಂಟಿಸಿದ್ದ ಚೀಟಿ ಓದಿದೆ. ಮೇಲೆ ಅವರ ಹೆಸರು. ಕೆಳಗೆ 'ಸುಣ್ಣ, ಮರಳು, ಸುತ್ತಿಗೆ, ಕಲಾವಿದನ ತೋಳು' ಎಂದಿತ್ತು. ಎರಡು ಸಲ ಓದಿದೆ. ಸುಣ್ಣ ಸರಿ, ಮರಳು ಸರಿ. ಒಂದು ಏಟು ಹೊಡೆದ ತೋಳನ್ನು ಬರೆದಿದ್ದಾರೆ. ಹತ್ತೊಂಬತ್ತು ದಿನ ಮೆತ್ತಿದ ತೋಳು ಎಲ್ಲಿ ಹೋಯಿತು, ಗೋಲಿ?

ಸಂಜೆ ಐದಕ್ಕೆ ಬಿಟ್ಟರು. ಇನ್ನು ಆ ಬಾಗಿಲು ತುಳಿಯುವುದಿಲ್ಲವೆಂದು ಬರೆಸಿಕೊಂಡರು.

ಮಾವ


ಜುಲೈ 2

ಪ್ರೀತಿಯ ಮಾವನಿಗೆ,

ಆ ದಿನ ಕೋಪದಲ್ಲಿ ಏನೇನೋ ಬರೆದುಬಿಟ್ಟೆ. ಮರೆತುಬಿಡು. ಒಳ್ಳೆಯ ಸುದ್ದಿ ಇದೆ.

ಕಲಾವಿದರು ಹೋದ ವಾರ ಬಂದರು. ನಾವೆಲ್ಲ ಹೆದರಿ ನಿಂತಿದ್ದೆವು. ಅವರು ನೀನು ಮೆತ್ತಿದ ಜಾಗವನ್ನು ನೋಡಿ, ನಕ್ಕು, ಚಪ್ಪಾಳೆ ಹೊಡೆದರು! "ಇದನ್ನ ಯಾರೂ ಮುಟ್ಬೇಡಿ, ಈಗ ಇದು ಪೂರ್ತಿಯಾಯ್ತು" ಅಂದರು. ಪತ್ರಿಕೆಗಳಲ್ಲಿ ಮತ್ತೆ ಬಂತು. ನಿರ್ದೇಶಕಿ ನನ್ನನ್ನು ಕರೆದು, ಆ ಮೇಸ್ತ್ರಿ ಯಾರೆಂದು ಕೇಳಿದರು. ಈ ಸಲ ನಾನು ಮುಚ್ಚಿಡಲಿಲ್ಲ. ನನ್ನ ಸೋದರಮಾವ ಅಂದೆ. ಅವರಿಗೆ ಬಹಳ ಖುಷಿಯಾಯಿತು, ನಿಯಮದ ಮಾತೇ ಎತ್ತಲಿಲ್ಲ. "ಮೊದ್ಲೇ ಹೇಳ್ಬಾರ್ದಿತ್ತಾ!" ಅಂದರು. ನನ್ನ ಆದೇಶವೂ ಬಂತು.

ಸೆಪ್ಟೆಂಬರಿನಲ್ಲಿ ಮರುಉದ್ಘಾಟನೆ. ಕಲಾವಿದರ ಯೋಚನೆ ಈಗ ಇನ್ನೂ ಮುಂದೆ ಹೋಗಿದೆ, ಎಲ್ಲರ ಮುಂದೆ ಅವರು ಮತ್ತೆ ಒಡೆಯುತ್ತಾರೆ, ನೀನು ಎಲ್ಲರ ಮುಂದೆ ಮೆತ್ತಬೇಕು. ಚೀಟಿಯಲ್ಲಿ 'ಮೇಸ್ತ್ರಿ' ಎಂದೂ ಸೇರಿಸುತ್ತಾರಂತೆ. ಅತ್ತೆಯನ್ನೂ ಕರೆದುಕೊಂಡು ಬಾ, ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸುತ್ತೇನೆ.

ಮುಂಚೆಯೇ ಏಕೆ ಹೇಳಲಿಲ್ಲ ಎಂದು ನಿನಗೆ ಅನ್ನಿಸಬಹುದು. ಅದು ಕಲಾವಿದರ ಷರತ್ತಾಗಿತ್ತು. ಕಟ್ಟುವವನಿಗೆ ಗೊತ್ತಾಗಬಾರದು, ಗೊತ್ತಾದರೆ ಅವನ ಕೈಯಲ್ಲಿ ಆ ಶ್ರದ್ಧೆ ಇರುವುದಿಲ್ಲ, ಆ ಶ್ರದ್ಧೆಯೇ ತಮಗೆ ಬೇಕಾದದ್ದು ಅಂದಿದ್ದರು. ಕೇಳಿದರೆ ಕ್ರೂರ ಅನ್ನಿಸುತ್ತದೆ. ಯೋಚಿಸಿದರೆ ಅದು ನಿನಗೆ ಸಂದ ಗೌರವವೇ.

ಯಾವ ಬಸ್ಸಿಗೆ ಬರುತ್ತೀಯ, ಬರಿ.

ನಿನ್ನ,
ಗೋಲಿ


ಜುಲೈ 20

ಗೋಲಿಗೆ,

ಅಕ್ಷರ ಸೊಟ್ಟಗಿದ್ದರೆ ಮನ್ನಿಸು. ಎಡಗೈಯಲ್ಲಿ ಬರೆಯುತ್ತಿದ್ದೇನೆ, ನಾಲ್ಕು ದಿನದಿಂದ ಇದೇ ಕಾಗದ.

ನಾನೂ ಒಂದು ವಿಷಯ ಮುಚ್ಚಿಟ್ಟಿದ್ದೆ. ಭುಜದೊಳಗಿನ ಸ್ನಾಯು ಹರಿದಿದೆ, ಇನ್ನು ಕೈ ಮೇಲೆತ್ತಬೇಡಿ ಎಂದು ಡಾಕ್ಟರು ಜನವರಿಯಲ್ಲೇ ಹೇಳಿದ್ದರು. ನೀನು ಸಭೆಯಲ್ಲಿ ಕೈ ಎತ್ತಿದೆ ಎಂದು ಬರೆದಿದ್ದೆ. ಅದನ್ನು ಇಳಿಸಬೇಕಾಗಿ ಬರಬಾರದು ಎಂದು ನಾನು ಎತ್ತಿದೆ. ಹತ್ತೊಂಬತ್ತು ದಿನವೂ ಅಂಗಿಯ ಒಳಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡಿದ್ದೆ. ಕಾವಲಿನವನು ಒಂದು ದಿನ ಕೇಳಿದ. ನೀನು ಕಾಗದದಲ್ಲಿ ಒಂದು ಸಲ ಕೇಳಿದೆ, ಚೆನ್ನಾಗಿದೆ ಅಂದೆ, ಮತ್ತೆ ಕೇಳಲಿಲ್ಲ. ಅಲ್ಪಸ್ವಲ್ಪ ಉಳಿದಿದ್ದದ್ದು ಮೇ ತಿಂಗಳ ಆ ನಲವತ್ತು ನಿಮಿಷದಲ್ಲಿ ಹೋಯಿತು. ವಾರ ವಾರಕ್ಕೆ ಬಿಗಿಯುತ್ತಾ ಬಂದು ಈಗ ತುತ್ತೂ ಎಡಗೈಯಲ್ಲೇ.

ಆದ್ದರಿಂದ ನಿಮ್ಮ ಸೆಪ್ಟೆಂಬರಿಗೆ ಬರುವ ಹಾಗಿಲ್ಲ. ಕೈ ನೆಟ್ಟಗಿದ್ದರೂ ಬರುತ್ತಿರಲಿಲ್ಲ.

ಸುತ್ತಿಗೆಯವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ನಾನು ಯಾರೋ. ಅವರ ಕೆಲಸ ನನಗೆ ತಿಳಿಯಲಿಲ್ಲ, ನನ್ನ ಕೆಲಸ ಅವರಿಗೆ ತಿಳಿಯಲಿಲ್ಲ, ಅಲ್ಲಿಗೆ ಮುಗಿಯಿತು. ನೀನು ಮಾತ್ರ ಎರಡನ್ನೂ ತಿಳಿದವಳು. ಗಾರೆಯ ಧೂಳಿನಲ್ಲೇ ಕೂತು ಪಾಠ ಓದಿದವಳು. ಒಡೆಯುವುದಕ್ಕೆಂದೇ ಕಟ್ಟಿಸುತ್ತಿದ್ದಾರೆ ಎಂದು ಗೊತ್ತಿದ್ದೂ ದಿನಾ ನನ್ನ ಮುಂದೆ ಹಾದುಹೋದೆ. ಹೇಳಿದ್ದರೆ ನಾನೇನು ಬೇಡ ಅನ್ನುತ್ತಿದ್ದೆನೇ? ಒಡೆಯುವುದಕ್ಕಾದರೆ ಮೂರು ದಿನದ ಕೆಲಸ. ಸಿಮೆಂಟಿನಲ್ಲಿ ಎಳೆದು ಕೊಡುತ್ತಿದ್ದೆ, ಇನ್ನೂ ಚೆನ್ನಾಗಿ ಒಡೆಯುತ್ತಿತ್ತು. ನನ್ನ ಕೈಯಾದರೂ ಉಳಿಯುತ್ತಿತ್ತು.

ಗೌರವ ಎಂದು ಬರೆದಿದ್ದೀಯ. ನಿನ್ನ ಅತ್ತೆ ಆ ಸಾಲನ್ನು ಜೋರಾಗಿ ಓದಿ, ಕಾಗದ ಮಡಿಸಿ ಒಳಗೆ ಹೋದಳು. ಆ ಹೊತ್ತಿನಿಂದ ನಿನ್ನ ಮಾತು ತೆಗೆದಿಲ್ಲ.

ನಿನ್ನ ಕೋಣೆಯನ್ನು ಒಬ್ಬ ನರ್ಸಿಗೆ ಬಾಡಿಗೆಗೆ ಕೊಟ್ಟಿದ್ದೇವೆ. ನಿನ್ನ ಪುಸ್ತಕ, ಬಟ್ಟೆ ಎಲ್ಲ ಒಂದು ಪೆಟ್ಟಿಗೆಗೆ ತುಂಬಿದ್ದೇವೆ, ಲಾರಿ ಆಫೀಸಿಗೆ ಹಾಕಿಸುತ್ತೇನೆ. ಬಂದು ತೆಗೆದುಕೊಂಡು ಹೋಗುವ ಶ್ರಮ ಬೇಡ.

ಮಾವ


ನವೆಂಬರ್ 28

ಮಾವ,

ಇದು ನಾಲ್ಕನೆಯ ಕಾಗದ. ಮೊದಲ ಮೂರಕ್ಕೆ ಉತ್ತರವಿಲ್ಲ. ವಾಪಸೂ ಬಂದಿಲ್ಲ, ಆದ್ದರಿಂದ ತಲುಪಿವೆ ಅಂದುಕೊಂಡಿದ್ದೇನೆ. ಊರಿಗೆ ಬಂದಿದ್ದೆ ಎಂದು ನಿನಗೆ ಹೇಳಿದರೋ ಇಲ್ಲವೋ. ನೀನು ಆಸ್ಪತ್ರೆಗೆ ಹೋಗಿದ್ದೆ. ಅತ್ತೆ ನೀರು ಕೊಟ್ಟರು, ಕೂರು ಅನ್ನಲಿಲ್ಲ.

ಪೆಟ್ಟಿಗೆ ಬಂತು. ಪುಸ್ತಕಗಳಿಗೆ ಕಟ್ಟಿದ್ದ ಹಗ್ಗದ ಗಂಟುಗಳೆಲ್ಲ ಸಡಿಲವಾಗಿದ್ದವು. ಒಂದೇ ಕೈಯಲ್ಲಿ ಕಟ್ಟಿದ್ದು ಎಂದು ತಿಳಿಯಿತು. ಅವನ್ನು ಇನ್ನೂ ಬಿಚ್ಚಿಲ್ಲ.

ಸೆಪ್ಟೆಂಬರಿನಲ್ಲಿ ಬೇರೆ ಮೇಸ್ತ್ರಿಯೊಬ್ಬನನ್ನು ಕರೆಸಿದರು. ಡಬ್ಬದ ಪುಡಿ ಕಲಸಿ ಹತ್ತು ನಿಮಿಷದಲ್ಲಿ ಮೆತ್ತಿದ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ವ್ಯತ್ಯಾಸ ಯಾರಿಗೂ ಗೊತ್ತಾಗಲಿಲ್ಲ. ನಾನು ಹಿಂದಿನ ಸಾಲಿನಲ್ಲಿ ನಿಂತು ಇದರಲ್ಲಿ ಏನಿದೆ ಎಂದು ನೋಡುತ್ತಿದ್ದೆ. ಎಷ್ಟು ನೋಡಿದರೂ ನನಗೆ ಏನೂ ಕಾಣಲಿಲ್ಲ. ಪ್ರದರ್ಶನದ ವಿವರಣೆ ಬರೆದವಳು ನಾನೇ.

ಇವತ್ತು ಗೋಡೆ ತೆಗೆದರು. ಪ್ರದರ್ಶನ ಮುಗಿಯಿತು, ಮುಂದಿನವರಿಗೆ ಕೋಣೆ ಖಾಲಿ ಬೇಕಿತ್ತು. ಒಂದು ಗಂಟೆಯ ಕೆಲಸ ಎಂದು ಬಂದ ನಾಲ್ವರು ಬೆಳಿಗ್ಗೆ ಶುರುಮಾಡಿದವರು ಮಧ್ಯಾಹ್ನವಾದರೂ ಬಡಿಯುತ್ತಲೇ ಇದ್ದರು. ಕೊನೆಗೆ ಯಂತ್ರ ತಂದರು. "ಯಾವನಪ್ಪಾ ಇದನ್ನ ಕಟ್ಟಿದ್ದು, ಬೀಳೋದೇ ಇಲ್ವಲ್ಲ!" ಎಂದು ಒಬ್ಬ ಬೆವರು ಒರೆಸಿಕೊಳ್ಳುತ್ತಾ ಬೈದ. ನಾನು ಪಕ್ಕದಲ್ಲೇ ಇದ್ದೆ. "ನನ್ನ ಮಾವ" ಅಂದೆ. ಯಂತ್ರದ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ. "ಏನಂದ್ರಿ?" ಎಂದು ಕೈಯಾಡಿಸಿ ಕೇಳಿದ. ನಿರ್ದೇಶಕಿ ಬಾಗಿಲಲ್ಲಿ ನಿಂತಿದ್ದರು. ಅವರಿಗೆ ಗೊತ್ತಿರುವ ವಿಷಯವೇ. ಆದರೂ ಏನೂ ಇಲ್ಲ ಎಂದು ತಲೆಯಾಡಿಸಿದೆ.

ಮೂರು ಗಂಟೆಗೆ ಎರಡು ಲಾರಿ ತುಂಬಿತು. ಡ್ರೈವರು ಚೀಟಿ ಚಾಚಿದ. 'ಕಟ್ಟಡದ ಕಸ' ಎಂದು ಬರೆದಿತ್ತು. ಸಹಿ ಮಾಡಿ ಕೊಟ್ಟೆ.

ಗೋಲಿ